ಗಾಳಿಗೆ ಏಳುವ ಟೋಪಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ತಲೆಯ ಮೇಲೆ ಹೆಲ್ಮೆಟ್ ಕಂಡರೂ ಹಿಂದಿನಿಂದ ಎರಡು ಬೆರಳು ತೂರಿಸಿ, ಮೆಲ್ಲಗೆ ಮೇಲಕ್ಕೆತ್ತಿ ನೋಡಬೇಕು ಅನ್ನಿಸುತ್ತದೆ. ಅನ್ನಿಸಿ ಸುಮ್ಮನಾಗುವುದಾದರೆ ತೊಂದರೆಯಿಲ್ಲ. ಎಷ್ಟೋ ಸಲ ನನಗೆ ತಿಳಿಯುವ ಮೊದಲೇ ಬೆರಳು ಹೋಗಿಬಿಟ್ಟಿರುತ್ತದೆ. ಮೊನ್ನೆ ರಾಮನಗರದ ಬಸ್ ನಿಲ್ದಾಣದ ಎದುರು ಒಬ್ಬಾತ ಸ್ಕೂಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಹೆಲ್ಮೆಟ್ಟಿನ ಪಟ್ಟಿ ಕಟ್ಟಿರಲಿಲ್ಲ. ಹಿಂದೆ ನಿಂತಿದ್ದ ನಾನು ಎತ್ತಿಯೇಬಿಟ್ಟೆ. ಅದು ಇಡ್ಲಿ ಪಾತ್ರೆಯ ಮುಚ್ಚಳದಂತೆ ಕೈಗೆ ಬಂತು.

“ಯಾಕ್ ಯಜಮಾನ್ರೇ, ತಲೆ ಮ್ಯಾಲೆ ಕೈ ಹಾಕ್ತಿದೀರಿ?” ಎಂದು ಆತ ತಿರುಗಿದ.

“ಏನಿಲ್ಲಪ್ಪ, ಒಸಿ ಲೂಸಾಗೈತೆ.”

“ಯಾರ್ದು?” ಎಂದ. ಅವನ ಮುಖ ನೋಡಿದರೆ ಹೆಲ್ಮೆಟ್ಟಿನ ವಿಷಯ ಕೇಳುತ್ತಿದ್ದಾನೆ ಅನ್ನಿಸಲಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಅವನ ಪರವೇ ವಹಿಸಿದಳು. “ಪೆನ್ಷನ್ ಬಂದ ಮ್ಯಾಲಾದ್ರೂ ಊರೋರ ತಲೆ ತಂಟೆ ಬುಡಿ” ಅಂದಳು. ಬಿಡುವುದು ಅಷ್ಟು ಸುಲಭವಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ನಾನು ಮಾಡಿದ್ದು ಅದೊಂದೇ ಕೆಲಸ: ಮಿಲಿಟರಿ ವಿಮಾನ ಹಾರಿಸುವವರ ತಲೆ ಅಳೆಯುವುದು, ಅವರಿಗೆ ಟೋಪಿ ಕೂರಿಸುವುದು, ಕೂತಿದೆಯೋ ಇಲ್ಲವೋ ಎಂದು ಎತ್ತಿ ನೋಡುವುದು. ಬೆಂಗಳೂರಿನ ಒಂದು ದೊಡ್ಡ ಕಾಂಪೌಂಡಿನ ಒಳಗೆ, ಹೊರಗಿನವರಿಗೆ ಪ್ರವೇಶವಿಲ್ಲದ ಕಡೆ ಇದು ನಡೆಯುತ್ತಿದ್ದುದರಿಂದ, ನಮ್ಮೂರು ಸೋಲೂರಿನ ಕಡೆಯವರಿಗೆ ನನ್ನ ಕೆಲಸ ಏನೆಂದು ಕೊನೆಗೂ ತಿಳಿಯಲಿಲ್ಲ. ‘ವಿಮಾನದೋರು’ ಎಂದು ಹೆಸರು ಬಿತ್ತು. ಮದುವೆ ಮನೆಗಳಲ್ಲಿ ಟಿಕೆಟ್ಟು ಒಸಿ ಕಮ್ಮಿಗೆ ಸಿಗುತ್ತದೆಯೇ ಎಂದು ಕಿವಿಯಲ್ಲಿ ಕೇಳುತ್ತಿದ್ದರು. ನಾನು ಒಂದು ಸಲವೂ ವಿಮಾನ ಹತ್ತಿದವನಲ್ಲ ಎಂದರೆ ಗುಟ್ಟು ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಟೋಪಿ ಅಂದೆನಲ್ಲ, ಅದು ಸ್ಕೂಟರಿನ ಟೋಪಿಯಂಥದ್ದಲ್ಲ. ಆಕಾಶದಲ್ಲಿ ತೀರ ಎತ್ತರಕ್ಕೆ ಹೋದರೆ ಉಸಿರಾಡಲು ಗಾಳಿ ಸಾಲದು ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ಮೂಗಿಗೆ ಆಮ್ಲಜನಕದ ಕೊಳವೆ ಹಿಡಿದರೂ ಒಂದು ಎತ್ತರದಾಚೆಗೆ ಅದು ಸಾಲದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೊರಗಡೆಯಿಂದ ಮೈಯನ್ನು ಒತ್ತಿ ಹಿಡಿದಿರುವ ಗಾಳಿಯ ಭಾರ ಇಳಿಯುತ್ತಾ ಹೋಗಿ, ಕೊನೆಗೆ ನಾಲಿಗೆಯ ಮೇಲಿನ ಎಂಜಲು, ಕಣ್ಣಿನ ನೀರು ಎಲ್ಲವೂ ಮೈಯ ಬಿಸಿಗೇ ಕುದಿಯಲು ಶುರುವಾಗುತ್ತದೆ. ಒಲೆ ಬೇಡ, ಬೆಂಕಿ ಬೇಡ. ವಿಮಾನದ ಒಳಗೆ ಗಾಳಿ ತುಂಬಿಸಿರುತ್ತಾರೆ ನಿಜ, ಆದರೆ ಯುದ್ಧವಿಮಾನದ ಗಾಜು ಒಡೆದರೆ? ಆಗ ಹಾರಿಸುವವನ ತಲೆಯ ಸುತ್ತ ಅವನದೇ ಒಂದು ಪುಟ್ಟ ಭೂಮಿ ಬೇಕಾಗುತ್ತದೆ. ಆ ಭೂಮಿಯೇ ಈ ಟೋಪಿ.

ಮೊದಮೊದಲು ಮಾಡಿದವರಿಗೆ ಮುಂದೆ ಇದ್ದ ಮಾದರಿ ಒಂದೇ, ಸಮುದ್ರದಲ್ಲಿ ಮುಳುಗುವವರದು. ಆದ್ದರಿಂದ ತಗಡಿನ ಡಬ್ಬಕ್ಕೆ ಒಂದು ದುಂಡನೆಯ ಕಿಟಕಿ ಕೊರೆದು ತಲೆಗೆ ಕವುಚಿದರು. ನಮ್ಮ ಲೈಬ್ರರಿಯ ಹಳೆಯ ಪುಸ್ತಕಗಳಲ್ಲಿ ಆ ಚಿತ್ರಗಳಿದ್ದವು. ಊಟದ ಬಿಡುವಿನಲ್ಲಿ ಅವನ್ನು ನೋಡುತ್ತಾ ನನಗೆ ನಗು ಬರುತ್ತಿತ್ತು. ಎಣ್ಣೆ ಡಬ್ಬಕ್ಕೆ ತಲೆ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಕಾಣುತ್ತಿದ್ದರು, ಪಾಪ. ಅವರಲ್ಲಿ ಎಷ್ಟೋ ಜನ ಉಸಿರು ಕಟ್ಟಿಕೊಂಡೇ ಹಾರಿದವರು ಎಂದು ಆಮೇಲೆ ಓದಿ ನಗು ನಿಂತಿತು.

ತಗಡಿನ ಡಬ್ಬದಲ್ಲಿ ಅಕ್ಕಪಕ್ಕ ನೋಡಲು ಆಗುತ್ತಿರಲಿಲ್ಲ. ತಲೆ ತಿರುಗಿಸಿದರೆ ಒಳಗೆ ತಲೆ ಮಾತ್ರ ತಿರುಗುತ್ತಿತ್ತು, ಕಿಟಕಿ ಮುಂದಕ್ಕೇ ನೋಡುತ್ತಿತ್ತು. ಇದು ಎಂಥ ಹಿಂಸೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಬೆಳೆದವನು ನಾನು. ನಮ್ಮದು ಕುರಿಯ ಮನೆತನ. ಮಳೆ ಬಂದರೆ ಅಪ್ಪ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಚೂಪಗೆ ಮಾಡಿ ತಲೆಗೆ ಇಳಿಬಿಡುತ್ತಿದ್ದ. ಒಳಗೆ ಕತ್ತಲು, ಬಿಸಿ, ಕುರಿಯ ವಾಸನೆ. ಕಿವಿ ಕೇಳಿಸುವುದಿಲ್ಲ. ಕುರಿ ಪಕ್ಕದ ಹೊಲಕ್ಕೆ ನುಗ್ಗಿತೇನೋ ಎಂದು ತಿರುಗಿದರೆ ಕಣ್ಣೆದುರಿಗೆ ಬರುವುದು ಕಂಬಳಿಯ ಗೋಡೆ. “ಕತ್ತು ಅಲ್ಲ ಕಣ್ಲಾ, ಮೈ ತಿರುಗ್ಸು” ಎಂದು ಅಪ್ಪ ಕೂಗುತ್ತಿದ್ದ. ಮೈಯನ್ನೇ ತಿರುಗಿಸಿ ನೋಡುವ ಹೊತ್ತಿಗೆ ಅರ್ಧ ಸಾಲು ರಾಗಿ ಪೈರು ಹೋಗಿರುತ್ತಿತ್ತು. ವಿಮಾನದಲ್ಲಿ ಕೂತವನಿಗೆ ಮೈ ತಿರುಗಿಸಲೂ ಜಾಗವಿಲ್ಲ. ಅದಕ್ಕೇ ಮುಂದೆ ಯಾರೋ ಪುಣ್ಯಾತ್ಮರು ಕುತ್ತಿಗೆಯ ಸುತ್ತ ಒಂದು ಲೋಹದ ಬಳೆ ಕೂರಿಸಿ, ಟೋಪಿ ಆ ಬಳೆಯ ಮೇಲೆ ತಿರುಗುವಂತೆ ಮಾಡಿದರು. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ದಿನ ಅಪ್ಪನಿಗೆ ತೋರಿಸಬೇಕಿತ್ತು ಅನ್ನಿಸಿತು. ಆಗ ಅಪ್ಪ ಇರಲಿಲ್ಲ.

ಹೀಗೆ ಒಂದೊಂದು ಟೋಪಿಯೂ ಹಿಂದಿನ ಟೋಪಿಯ ಒಂದೊಂದು ಹಿಂಸೆಗೆ ಮದ್ದು. ಉಸಿರಿನ ಹಬೆಗೆ ಗಾಜು ಮಂಜಾಗುತ್ತದೆ ಎಂದು ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ ಹಾಯಿಸಿ ಬಿಸಿ ಮಾಡಿದರು. ಬಿಟ್ಟ ಉಸಿರು ಟೋಪಿ ತುಂಬ ಹರಡಿ ಅದನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ ಎಂದು ಮುಖದ ಸುತ್ತ ರಬ್ಬರಿನ ಅಂಚು ಕೊಟ್ಟು ಮುಖಕ್ಕೆ ಒಂದು ಕೋಣೆ, ಹಿಂದಲೆಗೆ ಇನ್ನೊಂದು ಕೋಣೆ ಮಾಡಿದರು. ಕಿವಿ ಕಟ್ಟಿಕೊಂಡರೆ ಮೂಗು ಹಿಡಿದು ಊದಬೇಕಲ್ಲ, ಮೂಗಿಗೆ ಕೈ ಹೋಗುವುದಿಲ್ಲವಲ್ಲ ಎಂದು ಒಳಗೇ ಒಂದು ಮೆತ್ತನೆಯ ದಿಂಬು ಇಟ್ಟರು. ಮೂಗನ್ನೇ ಅದಕ್ಕೆ ಒತ್ತಬೇಕು. ನಮ್ಮಲ್ಲಿಗೆ ಬರುತ್ತಿದ್ದ ಪೈಲಟ್ಟುಗಳು ಅದನ್ನು ಹೆಚ್ಚಾಗಿ ಬಳಸುತ್ತಿದ್ದುದು ಮೂಗು ತುರಿಸಿಕೊಳ್ಳಲು. ಬಾಯಾರಿದರೆ ಕುಡಿಯಲು ಗಲ್ಲದ ಹತ್ತಿರ ಒಂದು ತೂತು, ಅದರಲ್ಲಿ ಕೊಳವೆ.

ಆ ಕೊಳವೆಯ ಸುದ್ದಿ ಬಂದರೆ ನನ್ನ ಸಹೋದ್ಯೋಗಿಗಳು ಈಗಲೂ ನಗುತ್ತಾರೆ. ಪೈಲಟ್ಟುಗಳಿಗೆ ಕೊಡುತ್ತಿದ್ದ ಸಿಹಿ ಪಾನಕ ನೋಡಿ ನನಗೆ ಸಮಾಧಾನವಿರಲಿಲ್ಲ. ಹೊಟ್ಟೆಗೆ ನಿಲ್ಲುವಂಥದ್ದು ಬೇಡವೇ ಎಂದು ಒಂದು ದಿನ ಮನೆಯಿಂದ ರಾಗಿ ಅಂಬಲಿ ಮಾಡಿಸಿಕೊಂಡು ಹೋಗಿ, ಯಾರಿಗೂ ಹೇಳದೆ ನಾನೇ ಟೋಪಿ ಹಾಕಿಕೊಂಡು ಕೊಳವೆಯಲ್ಲಿ ಹೀರಿದೆ. ಮೊದಲ ಗುಟುಕು ಬಂತು. ಆಮೇಲೆ ಕೊಳವೆ ಕಟ್ಟಿಕೊಂಡಿತು. ಇನ್ನಷ್ಟು ಜೋರಾಗಿ ಹೀರಿದ್ದಕ್ಕೆ ಗಾಳಿ ಬಿಟ್ಟು ತಡೆಯುವ ಕವಾಟದೊಳಗೂ ಹೋಗಿ ಕೂತಿತು. ಒಣಗಿದ ರಾಗಿ ಎಂಥ ಗಾರೆ ಎಂಬುದು ಪಾತ್ರೆ ತೊಳೆದವರಿಗೇ ಗೊತ್ತು. ನಮ್ಮ ಸಾಹೇಬರು ಉತ್ತರ ಭಾರತದವರು, ರಾಗಿ ಕಂಡವರಲ್ಲ. ಬಿಚ್ಚಿ ಹರಡಿದ ಕವಾಟವನ್ನು ನೋಡಿ, ಇದ್ಯಾವ ಹೊಸ ಬಗೆಯ ತುಕ್ಕು ಎಂದು ಬಹಳ ಹೊತ್ತು ಯೋಚಿಸಿದರು.

ಇಷ್ಟೆಲ್ಲ ಮದ್ದುಗಳ ನಡುವೆ ಪೂರ್ತಿ ವಾಸಿಯಾಗದ ಕಾಯಿಲೆ ಒಂದೇ: ಟೋಪಿ ಏಳುವುದು. ಒಳಗೆ ಗಾಳಿ ತುಂಬಿದ ಕೂಡಲೇ ಟೋಪಿಗೆ ಮೇಲಕ್ಕೆ ಹೋಗುವ ಆಸೆ. ಅದು ಎದ್ದರೆ ನೋಡುವ ಗಾಜು ಹಣೆಗೆ ಬರುತ್ತದೆ, ಕಣ್ಣಿನೆದುರಿಗೆ ಗಲ್ಲದ ಪಟ್ಟಿ ಬರುತ್ತದೆ. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ, ಕುರುಡ. ಎದೆಯ ಕಡೆಯಿಂದ ತಂತಿಹಗ್ಗ ಕಟ್ಟಿ ಕೆಳಕ್ಕೆ ಎಳೆದು ಹಿಡಿಯುವ ಏರ್ಪಾಡು ಬಂತು. ಆದರೂ ಒಳಗೆ ತಲೆ ಭದ್ರವಾಗಿ ಕೂತಿರದಿದ್ದರೆ ಆ ಹಗ್ಗವೂ ಟೋಪಿಯನ್ನು ಓರೆಯಾಗಿ ಎಳೆಯುತ್ತದೆ. ಅದಕ್ಕೇ ಒಬ್ಬೊಬ್ಬರ ತಲೆಗೂ ಒಳಗಿನ ಮೆತ್ತೆಯನ್ನು ಬೇರೆ ಬೇರೆಯಾಗಿ ಕೂರಿಸಬೇಕು. ಅದೇ ನನ್ನ ಅನ್ನ. ಈಗ ಬರುತ್ತಿರುವ ಟೋಪಿಗಳು ಹಗುರ, ಗಾಜಿನ ಮೇಲೆ ಚಿತ್ರ ಬೇರೆ ಮೂಡುತ್ತದಂತೆ. ಬಹಳ ಜನ ಪೈಲಟ್ಟುಗಳಿಗೆ ಈಗ ಮುಖವಾಡವೇ ಸಾಕು. ತಲೆಪೂರ್ತಿ ಮುಚ್ಚುವ ಟೋಪಿ ಬೇಕಾಗುವುದು ತೀರ ಎತ್ತರಕ್ಕೆ ಹೋಗುವ ಕೆಲವರಿಗೆ ಮಾತ್ರ.

ಆ ಕೆಲವರಲ್ಲಿ ಒಬ್ಬ ನನ್ನ ಅಕ್ಕನ ಮಗ ಸಿದ್ದರಾಜು.

ಅಕ್ಕನನ್ನು ಕೊಟ್ಟಿರುವುದು ಕನಕಪುರದಾಚೆ ಉಯ್ಯಂಬಳ್ಳಿಗೆ. ಅಲ್ಲಿಯೂ ಹೊಲ, ಕುರಿ. ಸಿದ್ದ ಓದಿನಲ್ಲಿ ಚುರುಕು, ಪರೀಕ್ಷೆ ಬರೆದು ವಾಯುಪಡೆ ಸೇರಿದ. ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಆದರೆ ಅಕ್ಕ ನಂಬಲಿಲ್ಲ. ನನ್ನಿಂದಲೇ ಮಗ ಆಕಾಶಕ್ಕೆ ಹೋದ ಎಂದು ಅರ್ಧ ಹೆಮ್ಮೆ, ಅರ್ಧ ಸಿಟ್ಟು ಇಟ್ಟುಕೊಂಡಿದ್ದಳು. ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮೊದಲು ಸಿದ್ದ ಎತ್ತರದ ಹಾರಾಟಕ್ಕೆ ಆಯ್ಕೆಯಾಗಿ ನಮ್ಮಲ್ಲಿಗೇ ಬಂದ. ಅವನ ತಲೆ ಅಳೆದು, ಮೆತ್ತೆ ಕೂರಿಸಿ, ಎತ್ತಿ ನೋಡಿದೆ. ಸೊಗಸಾಗಿ ಕೂತಿತು. ಇನ್ನು ಉಳಿದದ್ದು ಕೊನೆಯ ಪರೀಕ್ಷೆ: ಗಾಳಿ ಹೀರಿ ತೆಗೆದ ಕಬ್ಬಿಣದ ಕೋಣೆಯಲ್ಲಿ ಕೂತು, ಟೋಪಿಗೆ ಗಾಳಿ ತುಂಬಿಸಿ, ಅದು ಏಳುವುದಿಲ್ಲ ಎಂದು ತೋರಿಸುವುದು. ಅದು ಮುಂದಿನ ವಾರ ಎಂದಾಯಿತು. ಅಷ್ಟರಲ್ಲಿ ಅಕ್ಕನ ಫೋನು.

“ಶನಿವಾರ ಬಂದ್ಬುಡು. ಸಿದ್ದನ ಮುಡಿ ತೆಗೆಸ್ತೀವಿ. ಸೋದರಮಾವ ನೀನು, ಮೊದ್ಲ ಕತ್ರಿ ನೀನೇ ಹಾಕ್ಬೇಕು.”

ಮಗ ಮೋಡದ ಮೇಲಕ್ಕೆ ಹೋಗುವ ಮೊದಲು ಮನೆದೇವರಿಗೆ ಅವನ ಮುಡಿ ಕೊಡಿಸುತ್ತೇನೆ ಎಂದು ಅಕ್ಕ ಹರಕೆ ಹೊತ್ತಿದ್ದಳು. ಹೋಗಿ ಬಂದ ಮೇಲೆ ಕೊಡಿಸಿದರಾಗದೇ ಎಂದೆ. “ಕಾಯಪ್ಪ ಅಂತ ಕೊಡೋದು ಮುಂಚೇನೇ ಕೊಡ್ಬೇಕು” ಅಂದಳು.

ಮಿಲಿಟರಿ ಕ್ರಾಪಿನಲ್ಲಿ ಕೂದಲು ಎಷ್ಟಿದ್ದೀತು, ಬೋಳಿಸಿದರೆ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಸಿದ್ದನದು ನಮ್ಮ ಮನೆತನದ ಕೂದಲು, ಗುಂಗುರು, ಒತ್ತು, ಕುರಿಯ ಉಣ್ಣೆಯ ಹಾಗೆ. ಎಷ್ಟೇ ಗಿಡ್ಡ ಮಾಡಿದರೂ ಅದೇ ಒಂದು ಮೆತ್ತೆ, ನಾನು ಅಳತೆ ತೆಗೆದದ್ದೂ ಅದರ ಮೇಲೆಯೇ. ನುಣ್ಣಗೆ ಬೋಳಿಸಿದ ತಲೆ ಜಾರುತ್ತದೆ. ಒಳಗೆ ಬಟ್ಟೆಯ ಟೋಪಿ ಹಾಕಿದರಾಯಿತಲ್ಲ ಎಂದು ಕೂಡ ಕೇಳಬಹುದು. ನಾನೂ ಯೋಚಿಸಿದೆ. ಒಪ್ಪಿಗೆಯಾದ ಅಳತೆಯಲ್ಲಿ ಒಂದು ದಾರ ಸೇರಿಸಿದರೂ ಮತ್ತೆ ಮೊದಲಿನಿಂದ ಎಲ್ಲ ಆಗಬೇಕು. ಅಷ್ಟರಲ್ಲಿ ಸಿದ್ದನ ಹಿಂದೆ ಕಾದಿದ್ದವರು ಅವನ ಜಾಗಕ್ಕೆ ಹೋಗಿರುತ್ತಾರೆ. ಇದು ಸಿದ್ದನಿಗೂ ಗೊತ್ತಿತ್ತು. “ನೀನೇ ಹೇಳು ಮಾವ, ನಾನ್ ಹೇಳಿದ್ರೆ ಅವ್ವ ಹೆದರ್ತಾಳೆ” ಅಂದ.

ಉಯ್ಯಂಬಳ್ಳಿಯ ಹೊರಗೆ ಹುಣಸೆಮರದ ಕೆಳಗೆ ನಮ್ಮ ಅಕ್ಕನ ಮನೆಯವರ ದೇವರ ಗುಡಿ. ನೆಂಟರು ಸೇರಿದ್ದರು. ಸಿದ್ದ ಪಂಚೆ ಉಟ್ಟು ಚಾಪೆಯ ಮೇಲೆ ಕೂತ. ಚಿಕ್ಕಂದಿನಲ್ಲಿ ಮೊದಲ ಮುಡಿ ತೆಗೆಸಿದಾಗ ನನ್ನ ತೊಡೆಯ ಮೇಲೆ ಕೂತು, ಅತ್ತು, ಹೊಸ ಪಂಚೆಯನ್ನು ಒದ್ದೆ ಮಾಡಿದ್ದ. “ಈಗ್ಲೂ ತೊಡೆ ಮ್ಯಾಲೆ ಕೂತ್ಕೊಳ್ಲಾ ಮಾವ?” ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ, ಏಕೆಂದರೆ ನಾನು ಪೂಜಾರಿಯ ಹತ್ತಿರ ಏನೋ ಗುಸುಗುಸು ನಡೆಸಿದ್ದನ್ನು ಎಲ್ಲರೂ ನೋಡುತ್ತಿದ್ದರು.

“ಐದು ಎಳೆ ಕತ್ತರಿಸಿ ಇಟ್ರೆ ಸಾಲ್ದಾ ಸ್ವಾಮಿ?” ಎಂದು ಕೇಳಿದ್ದೆ.

“ಅದು ಹೆಣ್ಮಕ್ಕಳಿಗೆ. ಗಂಡಸ್ರಿಗೆ ಪೂರ್ತಿ ಆಗ್ಬೇಕು” ಎಂದು ಪೂಜಾರಿ ಗಟ್ಟಿಯಾಗಿಯೇ ಹೇಳಿಬಿಟ್ಟರು.

ಕತ್ತರಿ ನನ್ನ ಕೈಗೆ ಬಂತು. ಸಿದ್ದನ ಕೂದಲಿನೊಳಗೆ ಬೆರಳು ಹಾಕಿದೆ. ಆ ವಾರವೆಲ್ಲ ನಾನು ಅಳೆದು ನೋಡಿದ ತಲೆ. ಕತ್ತರಿ ಆಡಲಿಲ್ಲ.

“ಏನ್ಲಾ, ಕತ್ರಿ ಹಿಡ್ಕಂಡು ನಿದ್ದೆ ಮಾಡ್ತಿದಿಯಾ?” ಅಂದಳು ಅಕ್ಕ.

ಆಗ ಹೇಳಿದೆ. ಟೋಪಿಗೆ ಗಾಳಿ ತುಂಬುವುದು, ತಲೆ ಬೋಳಾದರೆ ಅದು ಏಳುವುದು, ಎದ್ದರೆ ಕಣ್ಣು ಕಾಣದಿರುವುದು, ಎಲ್ಲವನ್ನೂ. ಅಕ್ಕ ಕೆಮ್ಮದೆ ಕದಲದೆ ಕೇಳಿದಳು.

“ಹಂಗಾರೆ ಇವತ್ತು ಬೋಳಿಸಿದ್ರೆ ಇವ್ನು ಮ್ಯಾಕೆ ಹೋಗಂಗಿಲ್ಲ?”

“ಈ ಸಲ ಹೋಗಂಗಿಲ್ಲ. ಇನ್ನೊಂದ್ಸಲ ಬತ್ತದೋ ಇಲ್ವೋ ಹೇಳಕ್ಕಾಗಲ್ಲ.”

“ನೆಲದ ಮ್ಯಾಲೇ ಇರ್ತಾನೆ.”

“ಇರ್ತಾನೆ ಅಕ್ಕ.”

ಅವಳು ಮಗನ ತಲೆಯನ್ನೇ ನೋಡಿದಳು. ಅವಳೊಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಮಗ ವಿಮಾನ ಹತ್ತಿದ ದಿನದಿಂದ ಅವಳು ನೆಮ್ಮದಿಯಾಗಿ ಮಲಗಿದವಳಲ್ಲ. ಆಕಾಶದಲ್ಲಿ ಸದ್ದಾದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಈಗ ಅವಳು ಮಾಡಬೇಕಾದದ್ದು ಏನೂ ಇಲ್ಲ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಹರಕೆಯೂ ತೀರುತ್ತದೆ, ಮಗನೂ ಕೆಳಗೆ ಉಳಿಯುತ್ತಾನೆ. ಯಾರೂ ಅವಳನ್ನು ದೂರುವಂತಿಲ್ಲ. ನಿಜ ಹೇಳುತ್ತೇನೆ, ಹಾಗೇ ಆಗಲಿ ಎಂದು ನನಗೂ ಅನ್ನಿಸಿತು. ಗಾಳಿ ಇಲ್ಲದ ಕಡೆ ಏನೇನಾಗುತ್ತದೆ ಎಂದು ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು.

“ಸಿದ್ದ, ನಿಂಗೆ ಅಲ್ಲೀಗಂಟ ಹೋಗ್ಲೇಬೇಕೇನ್ಲಾ?” ಅಂದಳು.

ಸಿದ್ದ ತಲೆ ಎತ್ತಲಿಲ್ಲ. “ಹೂಂ ಕಣವ್ವ.”

ಅಕ್ಕ ತುರುಬಿಗೆ ಕೈ ಹಾಕಿ ಬಿಚ್ಚಿದಳು. ಕೂದಲು ಸೊಂಟದವರೆಗೆ ಬಂತು. ಹರಳೆಣ್ಣೆ ಹಚ್ಚಿ ಬೆಳೆಸಿದ್ದು, ಅಲ್ಲಲ್ಲಿ ನರೆತಿದ್ದರೂ ಇನ್ನೂ ಒತ್ತಾಗಿತ್ತು. “ಏಳ್ಲಾ ಮ್ಯಾಕೆ” ಎಂದು ಮಗನನ್ನು ಎಬ್ಬಿಸಿ ಆ ಚಾಪೆಯ ಮೇಲೆ ತಾನು ಕೂತಳು.

“ಅಮ್ಮಾ, ಮುತ್ತೈದೆ ತಲೆ ಬೋಳಿಸ್ತಾರಾ? ಐದು ಎಳೆ ಕೊಡಿ, ಸಾಕು” ಎಂದು ಪೂಜಾರಿ ಗಾಬರಿಯಾದರು.

“ಮಗನ ಬದ್ಲಿಗೆ ಕೊಡ್ತಿರೋದು. ಪೂರ್ತಿ ಕೊಡ್ತೀನಿ. ಕಾಯಪ್ಪ ಅಂತ ಕೇಳ್ದೋಳು ನಾನು, ನನ್ ತಲೇನೇ ತಕ್ಕಳ್ಳಿ.”

“ನಾನಿನ್ನೂ ಬದುಕಿವ್ನಿ ಕಣಮ್ಮಿ!” ಎಂದು ಭಾವ ಹಿಂದಿನಿಂದ ಕೂಗಿದರು.

“ಬದುಕಿರು, ಯಾರ್ ಬ್ಯಾಡ ಅಂದ್ರು?” ಎಂದು ಅಕ್ಕ ತಿರುಗದೆಯೇ ಹೇಳಿ, ನನ್ನ ಕಡೆ ಕೈ ಚಾಚಿದಳು. “ಹಾಕ್ಲಾ ತಮ್ಮ ಕತ್ರಿ.”

ಹಾಕಿದೆ. ಅಳು ಬಂತು, ತಡೆಯಲಿಲ್ಲ. ಪಕ್ಕದಲ್ಲಿ ಸಿದ್ದ ಗುಡಿಯ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಮಿಕ್ಕದ್ದನ್ನು ಕ್ಷೌರದವರು ಮುಗಿಸಿದರು.

ಮುಂದಿನ ವಾರ ಕಬ್ಬಿಣದ ಕೋಣೆಯ ದಪ್ಪ ಗಾಜಿನ ಆಚೆ ಸಿದ್ದ ಕೂತಿದ್ದ, ಈಚೆ ನಾನು. ಗಾಳಿ ಹೀರಿ ತೆಗೆದರು. ಟೋಪಿಗೆ ಗಾಳಿ ತುಂಬಿತು, ಮೈಯನ್ನು ಒತ್ತಿ ಹಿಡಿಯುವ ಉಡುಪು ಬಿಗಿಯಿತು. ಅವನ ಕಣ್ಣು ಎರಡೂ ಗಾಜಿನ ನಡುಮಧ್ಯದಲ್ಲಿದ್ದವು. ಅಲ್ಲೇ ಉಳಿದವು. ಅವನು ಹೆಬ್ಬೆರಳು ಎತ್ತಿ ತೋರಿಸಿದ. ನಾನು ಹೊರಗೆ ಬಂದು ನೀರು ಕುಡಿದೆ.

ಸಂಜೆ ಅಕ್ಕನೇ ಫೋನು ಮಾಡಿದಳು.

“ಎದ್ತೇನ್ಲಾ?”

“ಇಲ್ಲ ಅಕ್ಕ. ಒಸೀನೂ ಅಲ್ಲಾಡ್ಲಿಲ್ಲ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು ಬಂತು.

“ಹಂಗಾರೆ ನಂಗೂ ಒಂದು ಟೋಪಿ ತಕ್ಕಂಬಾ. ಕುರಿ ಹೊಡ್ಕಂಡ್ ಹೋದ್ರೆ ನೆತ್ತಿ ಸುಡ್ತೈತೆ. ಸೆರಗು ಹೊದ್ದರೆ ನಿಲ್ತಿಲ್ಲ, ಜಾರ್ತೈತೆ.”

“ಅಳತೆ ಎಷ್ಟಕ್ಕ?”

“ನಂಗೇನ್ಲಾ ಗೊತ್ತು? ತಲೆ ಅಳೆಯೋನು ನೀನಲ್ವಾ?”

ಅಷ್ಟು ವರ್ಷ ಅಷ್ಟೊಂದು ಜನರ ತಲೆ ಅಳೆದಿದ್ದೆ, ಅಕ್ಕನ ತಲೆ ಎಷ್ಟು ಎಂದು ಗೊತ್ತಿರಲಿಲ್ಲ. ಭಾನುವಾರ ಟೇಪು ಜೇಬಿಗೆ ಹಾಕಿಕೊಂಡು ಉಯ್ಯಂಬಳ್ಳಿ ಬಸ್ಸು ಹತ್ತಿದೆ.